ಕಳಂಬೋಲಿಯ ಹೋಟೆಲಿನಲ್ಲಿ ನನ್ನ ಇಂಗ್ಲಿಷ್ ಕೇಳಿಸಿಕೊಂಡವರು ಯಾರು?

ಇದು ನಡೆದದ್ದು. ನಂಬದವರ ಕೈಕಾಲು ಹಿಡಿಯುವ ತಾಳ್ಮೆ ನನಗಿಲ್ಲ. ಶನಿವಾರ ಯೂನಿವರ್ಸಿಟಿಯ ಇಂಗ್ಲಿಷ್ ಪ್ರೊಫಿಶಿಯನ್ಸಿ ಸ್ಪರ್ಧೆ ಇದೆ. ಅದಕ್ಕೆ ತಯಾರಿ ಮಾಡುವುದು ಬಿಟ್ಟು ಕೂತು ದೆವ್ವದ ಕಥೆ ಹೆಣೆಯಲು ನನಗೇನು ಬೇರೆ ಕೆಲಸ ಇಲ್ಲವೇ? ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಆವತ್ತಿನಿಂದ ನಿದ್ರೆ ಇಲ್ಲ... ಮತ್ತು ನಿದ್ರೆ ಇಲ್ಲದಿದ್ದರೆ ನನಗೆ ಬರುವುದು ಸಿಟ್ಟು. ಅದು ಮೊದಲೇ ಮೂಗಿನ ತುದಿಯಲ್ಲಿ ಕೂತಿರುತ್ತದೆ.

ಇದೆಲ್ಲ ಶುರುವಾದದ್ದೂ ಸಿಟ್ಟಿನಿಂದಲೇ.

ನಮ್ಮ ಕಾಲೇಜಿನಿಂದ ಸ್ಪರ್ಧೆಗೆ ಹೋಗುವುದು ಒಂದೇ ಹೆಸರು. ಕೊನೆಯ ಸುತ್ತಿಗೆ ಇಬ್ಬರು ಉಳಿದಿದ್ದೆವು. ಒಬ್ಬಳು ಐರೋಲಿಯ ದೊಡ್ಡ ಟವರಿನಲ್ಲಿರುವ ಹುಡುಗಿ, ಮನೆಯಲ್ಲೂ ಇಂಗ್ಲಿಷಿನಲ್ಲೇ ಜಗಳವಾಡುವವಳು. ಇನ್ನೊಬ್ಬಳು ನಾನು. ಆಯ್ಕೆಯ ಹಿಂದಿನ ದಿನ ಇಂಗ್ಲಿಷ್ ಸರ್ ನನ್ನನ್ನು ಸ್ಟಾಫ್ ರೂಮಿಗೆ ಕರೆದು, ಚಹಾ ಕುಡಿಯುತ್ತಾ, ನಗುತ್ತಲೇ ಹೇಳಿದರು.

"ಕಂಟೆಂಟ್ ಅಚ್ಛಾ ಹೈ, ಬೇಟಾ. ಲೇಕಿನ್ ಎಂಟಿಐ ಬಹುತ್ ಹೈ. ಪಪ್ಪಾ ಹೋಟೆಲ್ ಲೈನ್ ಮೇ ಹೈ ನಾ? ವೋ ಸುನಾಯಿ ದೇತಾ ಹೈ."

ಅಪ್ಪ ಹೋಟೆಲಿನವರು ಅನ್ನುವುದು ನನ್ನ ಮಾತಿನಲ್ಲೇ ಕೇಳಿಸುತ್ತದಂತೆ. ಎಂಟಿಐ ಅಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್. ಬಾಯಿಯಲ್ಲಿ ಇಂಗ್ಲಿಷ್ ಇದ್ದರೂ ಮಾತೃಭಾಷೆ ಹೊರಗೆ ಇಣುಕುತ್ತದೆ ಅನ್ನುವ ರೋಗಕ್ಕೆ ಇವರು ಇಟ್ಟ ಹೆಸರು. ಯಾವ ಮಾತೃಭಾಷೆ ಸರ್ ಅಂತ ಕೇಳಬೇಕೆನಿಸಿತು. ಮನೆಯಲ್ಲಿ ಕುಂದಾಪುರ ಕನ್ನಡ, ಅಪ್ಪನ ಹೋಟೆಲಿನಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಟ್ರೇನಿನಲ್ಲಿ ಹಿಂದಿ. ಇಷ್ಟನ್ನೂ ನುಂಗಿ ಐದನೆಯದಕ್ಕೂ ಜಾಗ ಇಟ್ಟುಕೊಂಡಿರುವ ಬಾಯಿ ಇದು. ಆದರೆ ಕೇಳಲಿಲ್ಲ. "ಯಸ್ ಸರ್" ಅಂದು ಬಂದೆ. ಆ "ಯಸ್ ಸರ್" ಇವತ್ತಿಗೂ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಚುಚ್ಚುತ್ತಿದೆ.

ರಾತ್ರಿ ಪ್ರಾಕ್ಟೀಸ್ ಮಾಡಬೇಕು, ಎಲ್ಲಿ? ಕಾಮೋಠೆಯ ನಮ್ಮ ಮನೆ ಒಂದು ರೂಮು, ಒಂದು ಕಿಚನ್ನು. ಅಜ್ಜಿಗೆ ಸೂಜಿ ಬಿದ್ದರೂ ಎಚ್ಚರ. ಪಕ್ಕದ ಮನೆಯ ಕಾಕು ಗೋಡೆ ತಟ್ಟುತ್ತಾರೆ. ಕೊನೆಗೆ ಅಪ್ಪನೇ ಹೇಳಿದರು, "ಹೋಟ್ಲಿಗ್ ಬಾ. ಬಂದ್ ಆದ್ಮೇಲೆ ಮೇಲ್ ಕೂತ್ಕಂಡ್ ಓದ್. ವಾಪಸ್ ಒಟ್ಟಿಗೇ ಹ್ವಾಪ."

ಅಪ್ಪ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಹತ್ತಿರ ಒಂದು ಹಳೆಯ ಹೋಟೆಲಿನಲ್ಲಿ ಮ್ಯಾನೇಜರ್. ಹಗಲಿಡೀ ಟ್ರೇಲರುಗಳ ಗಲಾಟೆ. ಕತ್ತಲಾದ ಮೇಲೆ ಒಂದು ನಾಯಿಯೂ ಅಲ್ಲಿ ಬೊಗಳುವುದಿಲ್ಲ. ಎಲ್ಲಿ ನೋಡಿದರೂ ಜೋಡಿಸಿಟ್ಟ ಸರಳು, ಪೈಪು, ತುಕ್ಕಿನ ವಾಸನೆ. ಆ ದಿನ ಕೆಲಸದವರು ತಮ್ಮ ರೂಮಿಗೆ ಹೋದರು. ಅಪ್ಪ ಗ್ಯಾಸ್ ಮುಚ್ಚಿ, ಕೆಳಗಿನ ಅಡುಗೆಮನೆಗೆ ಬೀಗ ಹಾಕಿ, ಟ್ರಾನ್ಸ್‌ಪೋರ್ಟಿನ ವಾಚ್‌ಮನ್‌ಗೆ ಊಟದ ಡಬ್ಬ ಕೊಟ್ಟು ಬರುತ್ತೇನೆ ಅಂತ ಶಟರ್ ಎಳೆದುಕೊಂಡು ಹೊರಟರು. ಮೇಲಿನ ಫ್ಯಾಮಿಲಿ ರೂಮಿನಲ್ಲಿ ನಾನೊಬ್ಬಳೇ. ಫಿನಾಯಿಲ್ ಹಾಕಿ ಒರೆಸಿದ ನೆಲ, ತಲೆಕೆಳಗಾಗಿ ಮೇಜಿನ ಮೇಲೆ ಕೂತ ಕುರ್ಚಿಗಳು.

ಅಲ್ಲಿ ಗೋಡೆಯಲ್ಲಿ ಒಂದು ಗೂಡು ಇದೆ. ಅದರೊಳಗೆ ಹಗ್ಗದಿಂದ ಎಳೆಯುವ ಮರದ ಡಬ್ಬಿ, ಕೆಳಗಿನ ಅಡುಗೆಮನೆಯಿಂದ ತಿಂಡಿ ಮೇಲೆ ತರುವುದಕ್ಕೆ. ಹಿಂದೆಲ್ಲ ಸಪ್ಲೈಯರ್ ಈ ಗೂಡಿಗೆ ಬಾಯಿ ಕೊಟ್ಟು ಆರ್ಡರ್ ಕೂಗುತ್ತಿದ್ದನಂತೆ. ಕೆಳಗಿನ ಅಡುಗೆ ಭಟ್ಟ ಅದನ್ನೇ ತಿರುಗಿ ಕೂಗಬೇಕು. ಕೂಗಿದ ಅಂದರೆ ಆರ್ಡರ್ ಹಿಡಿದ ಅಂತ. ಅರ್ಥವಾಗದಿದ್ದರೆ "ಎಂತಾ?" ಅನ್ನುತ್ತಿದ್ದ. ಒಮ್ಮೆ ಹಿಡಿದ ಆರ್ಡರ್ ವಾಪಸ್ ಇಲ್ಲ. ಗಿರಾಕಿ ಎದ್ದು ಹೋದರೂ ಯಾರಾದರೂ ಒಬ್ಬರು ಅದನ್ನು ಮುಗಿಸಬೇಕು, ಚೆಲ್ಲುವಂತಿಲ್ಲ. ಅಪ್ಪ ಈ ನೇಮವನ್ನು ದೇವರ ಮಾತಿನಂತೆ ಹೇಳುತ್ತಿದ್ದರು. ಈಗ ಎಲ್ಲ ಟ್ಯಾಬಿನಲ್ಲಿ. ಕೂಗುವವರೂ ಇಲ್ಲ, ತಿರುಗಿ ಕೂಗುವವರೂ ಇಲ್ಲ. ಆ ಡಬ್ಬಿಯಲ್ಲಿ ಎಂಜಲು ಪ್ಲೇಟು ಇಳಿಸುತ್ತಾರೆ ಅಷ್ಟೆ.

ನಾನು ಗೂಡಿನ ಪಕ್ಕದಲ್ಲೇ ನಿಂತೆ, ಅಲ್ಲಿ ಬೆಳಕು ಚೆನ್ನಾಗಿತ್ತು. ವಿಷಯ "ಡಿಗ್ನಿಟಿ ಆಫ್ ಲೇಬರ್". ದುಡಿಮೆಯ ಘನತೆಯಂತೆ! ಹೋಟೆಲ್ ಲೈನ್ ಅಂತ ಮೂಗು ಮುರಿದವರೇ ಕೊಟ್ಟ ವಿಷಯ. ಎಂಟಿಐ ಹೋಗಲಿ ಅಂತ ಮೊಬೈಲಿನಲ್ಲಿ ಒಬ್ಬ ಬಿಳಿ ಹೆಂಗಸಿನ ವಿಡಿಯೊ ನೋಡಿಕೊಂಡಿದ್ದೆ. ಅವಳ ಹಾಗೆಯೇ ತುಟಿ ಉರುಟು ಮಾಡಿ, ನಾಲಿಗೆ ಮಡಚಿ, ಮೊದಲ ಸಾಲು ಹೇಳಿದೆ.

"ರೆಸ್ಪೆಕ್ಟೆಡ್ ಜಡ್ಜಸ್, ನೋ ವರ್ಕ್ ಈಸ್ ಸ್ಮಾಲ್..."

ಗೂಡಿನ ಕೆಳಗಿನಿಂದ ಒಂದು ದನಿ ಬಂತು.

"ಎಂತಾ...?"

ಗಂಡಸಿನ ದನಿ. ಹೊಗೆ ಕುಡಿದು ಒಡೆದಂತಿತ್ತು. ಅಪ್ಪ ಬಂದರೇನೋ ಅಂದುಕೊಂಡೆ. ಆದರೆ ಶಟರ್ ಸದ್ದಾಗಿರಲಿಲ್ಲ. ಆ ಶಟರ್ ಎತ್ತಿದರೆ ಪನ್ವೇಲಿನವರೆಗೆ ಕೇಳುತ್ತದೆ. "ಅಪ್ಪಾ?" ಅಂದೆ. ಫ್ರಿಜ್ ಗುಂಯ್ ಅನ್ನುತ್ತಿತ್ತು. ಹೊರಗೆ ಎಲ್ಲೋ ಕಬ್ಬಿಣ ತಣ್ಣಗಾಗುತ್ತಾ ಟಿಕ್... ಟಿಕ್... ಅನ್ನುತ್ತಿತ್ತು.

ಇನ್ನೊಮ್ಮೆ ಅದೇ ಸಾಲು ಹೇಳಿದೆ, ಮೊದಲಿಗಿಂತ ಹೆಚ್ಚು ನಾಲಿಗೆ ಮಡಚಿ.

"ಎಂತಾ...?"

ಈ ಸಲ ಹತ್ತಿರದಿಂದ.

ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ನಾನೂ ಓಡಬೇಕಿತ್ತು. ಆದರೆ ನನಗೆ ಏನಾಯಿತೋ, ನೆತ್ತಿಗೆ ಸಿಟ್ಟೇರಿತು. ಬೆಳಗ್ಗೆ ಸರ್ ನಕ್ಕಾಯಿತು, ಈಗ ಕಾಣದ ಯಾರೋ ನನ್ನ ಇಂಗ್ಲಿಷ್ ಅರ್ಥವಾಗಲಿಲ್ಲ ಅನ್ನುತ್ತಾನೆ! ಗೂಡಿನೊಳಗೆ ತಲೆ ಹಾಕಿ ಕಿರುಚಿದೆ.

"ಎಂತ ಎಂತಾ? ನೀನೂ ಜಡ್ಜಾ? ಸರಿ, ಕೇಳ್! ನೋ ವರ್ಕ್ ಈಸ್ ಸ್ಮಾಲ್! ಮೈ ಫಾದರ್ ವರ್ಕ್ಸ್ ಇನ್ ಎ ಹೋಟೆಲ್ ಅಂಡ್ ಐ ಆಮ್ ನಾಟ್ ಅಶೇಮ್ಡ್!"

ಸಿಟ್ಟಿನಲ್ಲಿ ಬಿಳಿ ಹೆಂಗಸು ಎಲ್ಲಿ ಹೋದಳೋ, ಬಾಯಿಗೆ ಬಂದದ್ದು ನನ್ನದೇ ನಾಲಿಗೆ. ಎರಡನೆಯ ಸಾಲು ಕಾಗದದಲ್ಲಿ ಇರಲೂ ಇಲ್ಲ.

ಆಮೇಲೆ ಅದೇ ಒಡೆದ ದನಿ, ಎಳೆದೆಳೆದು, ಪೂರ್ತಿಯಾಗಿ...

"ನೋ ವರ್ಕ್ ಈಸ್ ಸ್ಮಾಲೇ... ಮೈ ಫಾದರ್ ವರ್ಕ್ಸ್ ಇನ್ ಎ ಹೋಟೇಲ್... ಅಂಡ್ ಐ ಆಮ್ ನಾಟ್ ಅಶೇಮ್ಡೇ..."

ಅಣಕ ಇರಲಿಲ್ಲ ಅದರಲ್ಲಿ. ಭಟ್ಟ ಆರ್ಡರ್ ಹಿಡಿಯುವುದು ಹಾಗೆಯೇ.

ಬಾಯಿ ನಿಲ್ಲಲಿಲ್ಲ. ಹಟಕ್ಕೆ ಬಿದ್ದು ಭಾಷಣ ಇಡೀ ಹೇಳಿದೆ. ಎಲ್ಲಿ ನಾನು ಬಣ್ಣ ಹಚ್ಚಿದೆನೋ ಅಲ್ಲಿ "ಎಂತಾ?" ನೆಟ್ಟಗೆ ಹೇಳಿದ ಕಡೆಯೆಲ್ಲ ಮಾತು ತಿರುಗಿ ಬಂತು. ಮುಗಿಯುವ ಹೊತ್ತಿಗೆ ಮೈಯೆಲ್ಲ ಬೆವರು. ಇದನ್ನು ಸುಳ್ಳು ಮಾಡಬೇಕು, ಇದು ಬರೀ ಗೋಡೆಯ ಪ್ರತಿಧ್ವನಿ ಅಂತ ನನಗೇ ತೋರಿಸಬೇಕು ಅನ್ನಿಸಿತು. ಹಲ್ಲು ಕಚ್ಚಿ ಕೂಗಿದೆ.

"ಅಷ್ಟ್ ಕೇಳ್ತ್ ಅಂದ್ರೆ, ಒಂದ್ ಸ್ಟ್ರಾಂಗ್ ಕಾಪಿ ಕಳ್ಸ್ ಕಾಂಬ!"

"ಒಂದ್ ಸ್ಟ್ರಾಂಗ್ ಕಾಪೀ..."

ಕೂಗಿದ ಮೇಲೆ ನನಗೆ ಹೊಳೆಯಿತು. ಹಿಡಿದ ಆರ್ಡರ್ ವಾಪಸ್ ಇಲ್ಲ...

ಕೆಳಗೆ ಪಾತ್ರೆ ತಾಗಿದ ಸದ್ದು. ಹಾಲು ಎತ್ತಿ ಎತ್ತಿ ಹೊಯ್ಯುವ ಸದ್ದು. ಆಮೇಲೆ ಗೂಡಿನ ಹಗ್ಗ ತಾನಾಗಿ ಚಲಿಸತೊಡಗಿತು. ಕ್ರೀಂ... ಕ್ರೀಂ... ಡಬ್ಬಿ ನಿಧಾನ ಮೇಲೆ ಬಂದು ನನ್ನ ಎದೆಯ ಮಟ್ಟಕ್ಕೆ ನಿಂತಿತು. ಒಳಗೆ ಒಂದು ಹಿತ್ತಾಳೆ ಲೋಟ, ಅದರ ಕೆಳಗೆ ಬಟ್ಟಲು. ನಮ್ಮ ಹೋಟೆಲಿನಲ್ಲಿ ಹಿತ್ತಾಳೆ ಲೋಟ ನಾನು ಹುಟ್ಟಿದ ಮೇಲೆ ನೋಡಿದ್ದಿಲ್ಲ. ಆವಿ ಏಳುತ್ತಿತ್ತು. ಡಿಕಾಕ್ಷನ್ನಿನ ವಾಸನೆ, ಅದರ ಜೊತೆ ಸೌದೆ ಹೊಗೆಯ ವಾಸನೆ.

ಆಗ ಶಟರ್ ಎತ್ತಿದ ಸದ್ದಾಯಿತು. ಈ ಸಲ ನಿಜವಾಗಿ ಅಪ್ಪ. ಮೆಟ್ಟಿಲು ಹತ್ತಿ ಬಂದವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು, ಅಲ್ಲೇ ನಿಂತರು.

"ನೀ ಕೂಗಿದ್ಯಾ?" ದನಿ ತಗ್ಗಿಸಿ ಕೇಳಿದರು.

"ಹೌದ್."

"ತಿರ್ಗಿ ಕೂಗಿದ್ನಾ?"

ನಾನು ತಲೆಯಾಡಿಸಿದೆ. ಅಪ್ಪ ಚಪ್ಪಲಿ ಬಿಟ್ಟರು. ಎರಡೂ ಕೈಯಲ್ಲಿ ಲೋಟ ಎತ್ತಿಕೊಂಡು, ಗೋಡೆಯ ಕಡೆಗೆ ತಿರುಗಿ, ನಿಂತಲ್ಲೇ ಪೂರ್ತಿ ಕುಡಿದರು. ಲೋಟವನ್ನು ಬಟ್ಟಲಿನ ಮೇಲೆ ಕವುಚಿ ಡಬ್ಬಿಯಲ್ಲಿಟ್ಟರು. ಆಮೇಲೆ ತನ್ನಷ್ಟಕ್ಕೇ ಅನ್ನುವಂತೆ ಹೇಳಿದರು.

"ಇವತ್ತಿಗೂ ಸಕ್ರಿ ಜಾಸ್ತಿಯೇ."

"ಯಾರಪ್ಪ ಅದ್? ಯಾರ್ ಮಾಡಿದ್ ಕಾಪಿ?"

"ಮಾಡ್ದವ್ ಮಾಡ್ದ. ನೀ ನಡಿ."

ಕೆಳಗೆ ಬಂದು ನೋಡಿದೆ. ಅಡುಗೆಮನೆಯ ಬೀಗ ಹಾಕಿದ ಹಾಗೇ ಇತ್ತು. ಸ್ಕೂಟರಿನಲ್ಲಿ ಕಾಮೋಠೆಯವರೆಗೆ ಅಪ್ಪನ ಬೆನ್ನಿಗೆ ಬಾಯಿ ಹಾಕಿ ಕೇಳಿದ್ದೇ ಕೇಳಿದ್ದು. ಒಂದಕ್ಷರ ಹೇಳಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಹೆದರಿಕೆಗಲ್ಲ, ಕೋಪಕ್ಕೆ. ಈ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಏನನ್ನೂ ಬಿಡಿಸಿ ಹೇಳುವ ಪದ್ಧತಿಯೇ ಇಲ್ಲ! ಮನೆಯ ಹತ್ತಿರ ಇಳಿಯುವಾಗ ಇಷ್ಟು ಮಾತ್ರ ಹೇಳಿದರು, "ಯಾರಾರೂ ಕೇಂಡ್ರೆ, ಅವ್ ನಮ್ಮವ ಅಂತ ಮಾತ್ರ ಹೇಳ್ಬೇಡ. ಹೇಳ್ರೆ ಹಿಂದೇ ಮನಿಗ್ ಬತ್ತ."

ಮರುದಿನ ಆಯ್ಕೆ. ಖಾಲಿ ಕ್ಲಾಸ್ ರೂಮಿನಲ್ಲಿ ಇಂಗ್ಲಿಷ್ ಸರ್, ಪಕ್ಕದಲ್ಲಿ ಪ್ರಿನ್ಸಿಪಾಲ್ ಮೇಡಂ. ಐರೋಲಿಯ ಹುಡುಗಿ ಚೆನ್ನಾಗಿಯೇ ಮಾತಾಡಿದಳು, ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಸರದಿ ಬಂದಾಗ ಸರ್ ಆಗಲೇ ಪೆನ್ನಿನ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿಕೊಂಡಿದ್ದರು. ಅದನ್ನು ನೋಡಿದ್ದೇ ನನಗೆ ಉರಿದುಹೋಯಿತು. ನೆಟ್ಟಗೆ ನಿಂತು, ನೆಟ್ಟಗೆ ಶುರು ಮಾಡಿದೆ.

"ನೋ ವರ್ಕ್ ಈಸ್ ಸ್ಮಾಲ್. ಮೈ ಫಾದರ್ ವರ್ಕ್ಸ್ ಇನ್ ಎ ಹೋಟೆಲ್ ಅಂಡ್ ಐ ಆಮ್ ನಾಟ್ ಅಶೇಮ್ಡ್."

ಸರ್ ತುಟಿಯ ಮೂಲೆಯಲ್ಲಿ ನಗು ಮೂಡುತ್ತಿತ್ತು. ಅಷ್ಟರಲ್ಲಿ ಹೊರಗಿನ ಕಾರಿಡಾರಿನಿಂದ...

"ಐ ಆಮ್ ನಾಟ್ ಅಶೇಮ್ಡೇ..."

ಸರ್ ನಗು ಅಲ್ಲೇ ನಿಂತಿತು. ಮೇಡಂ ಬಾಗಿಲ ಕಡೆ ನೋಡಿದರು. ಕೇಳಿಸಿದ್ದು ನನಗೊಬ್ಬಳಿಗೇ ಅಲ್ಲ ಅಂತ ಆಗ ಗೊತ್ತಾಯಿತು. "ಕೌನ್ ಹೈ ಬಾಹರ್?" ಅಂತ ಸರ್ ಎದ್ದು ಹೋಗಿ ನೋಡಿದರು. ಕಾರಿಡಾರ್ ಖಾಲಿ. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಗೆಲ್ಲುವುದು ಆ ಪೆನ್ನಿನ ಮುಚ್ಚಳ. ಕೊನೆಯವರೆಗೂ ಹೇಳಿದೆ, ಆ ದನಿ ಕೊನೆಯವರೆಗೂ ಹಿಡಿಯಿತು.

ಮೇಡಂ ಬಾಗಿಲಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಆಮೇಲೆ, "ಒಂದೊಂದು ಶಬ್ದವೂ ಅರ್ಥವಾಯಿತು. ಇವಳ ಹೆಸರು ಕಳಿಸಿ," ಅಂತ ಇಂಗ್ಲಿಷಿನಲ್ಲೇ ಹೇಳಿ ಎದ್ದರು. ಸರ್ ಕಿಸೆಯಿಂದ ಪೆನ್ನು ತೆಗೆಯಬೇಕಾಯಿತು. ನನ್ನ ಹೆಸರು ಬರೆದರು. ಹೊರಗಿದ್ದವನು ನಿಮ್ಮವನಾ ಅಂತ ತಲೆ ಎತ್ತದೆ ಕೇಳಿದರು.

"ಬಾಹರ್ ವೋ... ತುಮ್ಹಾರಾ ಕೋಯಿ ಥಾ ಕ್ಯಾ?"

ಅಪ್ಪನ ಮಾತು ನೆನಪಿತ್ತು. ಸತ್ಯವಾಗಿಯೂ ನೆನಪಿತ್ತು. ಆದರೆ ಆ ಮುಖ, ಹೋಟೆಲ್ ಲೈನ್ ಅಂದ ಆ ಬಾಯಿ ಎದುರಿಗಿತ್ತು. ನನ್ನವರ ಬಗ್ಗೆ ಇನ್ನೊಂದು ಸಲ "ಯಸ್ ಸರ್" ಅಂದು ತಲೆ ತಗ್ಗಿಸಲು ನನ್ನಿಂದ ಸಾಧ್ಯವಿರಲಿಲ್ಲ.

"ಹಾಂ ಸರ್," ಅಂದೆ. "ಹಮಾರಾ ಹೀ ಆದ್ಮಿ ಹೈ." ನಮ್ಮವನೇ ಅಂದುಬಿಟ್ಟೆ.

ಹೇಳಿದ ಮಾತು ವಾಪಸ್ ಇಲ್ಲ.

ಅಪ್ಪನಿಗೆ ಇನ್ನೂ ತಿಳಿಸಿಲ್ಲ. ಹೋಟೆಲಿಗೆ ಮತ್ತೆ ಕಾಲಿಟ್ಟಿಲ್ಲ. ನಿನ್ನೆ ರಾತ್ರಿ ಮನೆಯಲ್ಲೇ ಅಡುಗೆಕಟ್ಟೆಯ ಹತ್ತಿರ ಕೂತು ಭಾಷಣ ಓದುತ್ತಿದ್ದೆ. ಅಜ್ಜಿ ಮಲಗಿದ್ದಾರೆ ಅಂತ ಬಾಯಿ ಬಿಟ್ಟು ಓದಲಿಲ್ಲ. ತುಟಿಯೂ ಅಲುಗಿಸಲಿಲ್ಲ, ಬರೀ ಕಣ್ಣಲ್ಲಿ ಓದುತ್ತಿದ್ದೆ. ಕಿಟಕಿ ಮುಚ್ಚಿತ್ತು. ಎಲ್ಲಿಂದಲೋ ಸ್ವಲ್ಪ ಸೌದೆ ಹೊಗೆಯ ವಾಸನೆ ಬಂದಂತಾಯಿತು...

ಅಜ್ಜಿ ಹೊದಿಕೆಯೊಳಗಿಂದಲೇ ಮಗ್ಗುಲು ಬದಲಿಸಿದರು.

"ಒಬ್ಳೇ ಓದ್ ಮಗಾ," ಅಂದರು. "ಹೀಂಗೆ ಇಬ್ರ್ ಒಟ್ಟಿಗ್ ಓದ್ರೆ ನಂಗೆ ನಿದ್ರಿ ಬತ್ತಿಲ್ಲೆ."