ಕಡಲೆಕಾಯಿ ಟೀಚರ್ ಎಂಟನೇ ಕ್ಲಾಸ್ ಪಾಸಾದದ್ದು

ಐವತ್ತು ದಾಟಿದ ಮೇಲೂ ವರ್ಷಕ್ಕೊಂದು ತರಗತಿ ಏರುತ್ತ ಹೋದವರು ನಮ್ಮ ರುಂಫಿ ಜಿಲ್ಲೆಯ ಶಾಲೆಗಳಲ್ಲಿ ಒಬ್ಬರೇ: ನ್ಯಾಹರಾವಾ ಟೀಚರ್. ಎರಡನೇ ತರಗತಿಗೆ ಪಾಠ ಹೇಳುವ ನಾನು ಅದನ್ನು ಕಣ್ಣಾರೆ ಕಂಡವಳು.

ಎಲ್ಲ ಆದದ್ದು ಲುಸುಂಗು ಎಂಬ ಹುಡುಗಿಯಿಂದ. ಬಾಯಲ್ಲಿ ಕೇಳಿದರೆ ಪಟಪಟನೆ ಉತ್ತರ ಹೇಳುವಳು, ಹಾಳೆಯ ಮೇಲೆ ಅಕ್ಷರ ಕಂಡರೆ ಕಲ್ಲಾಗುವಳು. ನಮ್ಮಲ್ಲಿ ವರ್ಷದ ಕೊನೆಗೆ ಊರವರನ್ನೆಲ್ಲ ಮಾವಿನ ಮರದಡಿ ಕೂರಿಸಿ ಪಾಸಾದವರ ಹೆಸರು ಕೂಗುತ್ತಾರೆ. ಕೂಗದಿದ್ದರೆ ಫೇಲು. ಮೂರನೇ ತರಗತಿಯಲ್ಲಿ ಎರಡು ಸಲ ಅವಳ ಹೆಸರು ಬರಲಿಲ್ಲ. "ಇನ್ನೊಂದ್ಸಲ ಕೂಗ್ಲಿಲ್ಲ ಅಂದ್ರೆ ಸ್ಕೂಲು ಸಾಕು, ತಂಬಾಕಿನ ಹೊಲಕ್ಕೆ ಬರ್ಲಿ," ಎಂದುಬಿಟ್ಟ ಅವಳಪ್ಪ.

ಆ ವರ್ಷ ಮೂರನೆಯದಕ್ಕೆ ಪಾಠ ಹೇಳುತ್ತಿದ್ದ ನ್ಯಾಹರಾವಾ ಒಂದು ವಿಷಯ ಕಂಡುಹಿಡಿದರು. ಕಡಲೆಕಾಯಿ ಸುಲಿಯುತ್ತ ಕೂತರೆ ಹುಡುಗಿಗೆ ಕೇಳಿದ್ದೆಲ್ಲ ನೆನಪಿರುತ್ತದೆ. "ಕೈ ಸುಮ್ನಿದ್ರೆ ಇವ್ಳ ಕಿವಿ ಮುಚ್ಕೊಳ್ಳುತ್ತೆ ಕಣ್ರೀ," ಎಂದರು. ಅಂದಿನಿಂದ ದಿನಾ ಸಂಜೆ ಅವರು ಗಟ್ಟಿಯಾಗಿ ಓದುವುದು, ಅವಳು ಸುಲಿಯುವುದು, ಸುಲಿದದ್ದನ್ನು ಅವರೇ ತಿನ್ನುವುದು.

"ಪಾಠ ನೆಪ, ಕಡಲೆಕಾಯಿ ಜಪ," ಎಂದು ನಾನು ಛೇಡಿಸಿದರೆ, "ನೀವೂ ಬನ್ನಿ ನ್ಯಾಗೊಂಡ್ವೆ, ಹೊಟ್ಟೆಕಿಚ್ಚಿಗೆ ಒಳ್ಳೇದು," ಎನ್ನುತ್ತಿದ್ದರು.

ಪರೀಕ್ಷೆಯ ಪ್ರಶ್ನೆಗಳನ್ನೂ ಟೀಚರು ಬಾಯಲ್ಲೇ ಕೇಳಿದರು, ಲುಸುಂಗು ಪಾಸಾದಳು. ನ್ಯಾಹರಾವಾ ತಮಗೂ ನಾಲ್ಕನೇ ತರಗತಿಯನ್ನೇ ಕೊಡಿ ಎಂದರು. ಹೆಡ್‌ಮಾಸ್ಟರ್ ಚಾವುಲಾ ನಕ್ಕರು. "ಮೇಡಂ, ನೀವೂ ಪಾಸಾದ್ರಾ?"

"ಹೂಂ ಸರ್. ಕಷ್ಟಪಟ್ಟು ಓದಿದೀನಿ."

ಹೀಗೇ ಎಂಟನೆಯದರವರೆಗೂ ನಡೆಯಿತು. ದೊಡ್ಡ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಉತ್ತರ ಬರೆದುಕೊಳ್ಳಲು ಹೊರಗಿನವರೊಬ್ಬರು ಬೇಕೆಂದು ಟೀಚರು ಜಿಲ್ಲಾ ಕಚೇರಿಗೆ ನಾಲ್ಕು ಸಲ ಅಲೆದು ಅಪ್ಪಣೆ ತಂದರು. ಆದರೆ ಪರೀಕ್ಷೆಗೆ ಬಂದ ಅಧಿಕಾರಿಗೆ ಹುಡುಗಿಯ ಜೇಬಿನ ಕಡಲೆಕಾಯಿ ಕಂಡು ಅನುಮಾನ. "ಒಳಗೆ ಚೀಟಿ ಇದ್ರೆ?" ಒಂದು ಒಡೆದು ನೋಡಿದ, ತಿಂದ. ಇನ್ನೊಂದು ಒಡೆದ, ತಿಂದ. ಹತ್ತನೆಯದಕ್ಕೆ ಅವನ ಅನುಮಾನ ತೀರಿತು. ಒಳಗೆ ಹೋಗುವಂತಿಲ್ಲದ ಟೀಚರು ಪರೀಕ್ಷೆ ನಡೆದಷ್ಟೂ ದಿನ ಮಾವಿನ ಮರದಡಿ ಬೆವರುತ್ತ ಕೂತಿದ್ದರು.

ಹೆಸರು ಕೂಗುವ ದಿನ ಬಂತು. ಮೊದಲು ಸಣ್ಣ ತರಗತಿಗಳು, ಕೊನೆಗೆ ಎಂಟನೆಯದು. ಮೂವತ್ತೇಳು ಹೆಸರು ಮುಗಿದರೂ ಅವಳದಿಲ್ಲ. ಅವಳಪ್ಪ ತಲೆ ತಗ್ಗಿಸಿದ. ಮೂವತ್ತೆಂಟನೆಯದು, ಕಟ್ಟಕಡೆಯದು, ಲುಸುಂಗು! ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ನ್ಯಾಹರಾವಾ ಬಿಕ್ಕಿ ಬಿಕ್ಕಿ ಅತ್ತರು. ಗೇಲಿ ಮಾಡೋಣವೆಂದಿದ್ದೆ, ನನಗೂ ಅಳು ಬಂತು.

"ಮೇಡಂ, ಇನ್ನು ಹೈಸ್ಕೂಲಿಗಾ?" ಎಂದರು ಚಾವುಲಾ.

"ಇಲ್ಲ ಸರ್. ನನ್ನ ಫೇಲ್ ಮಾಡಿ ಎರಡ್ನೇ ಕ್ಲಾಸಿಗೆ ಇಳ್ಸಿ. ನ್ಯಾಗೊಂಡ್ವೆ ಪಕ್ಕ ಕೂತ್ಕೋತೀನಿ."

ನಗಹೊರಟವಳು ಅಲ್ಲೇ ನಿಂತೆ. ಆ ಬೆಳಿಗ್ಗೆ ನನ್ನ ತರಗತಿಯಲ್ಲಿ ಹೆಸರು ಬಾರದೆ ಉಳಿದದ್ದು ಒಬ್ಬಳೇ, ವೆಝಿ. ವರದಿಯಲ್ಲಿ ಅವಳು ಸೋಮಾರಿ ಎಂದು ಬರೆದವಳು ನಾನೇ.

ಟೀಚರು ನನ್ನ ಅಂಗೈ ಬಿಡಿಸಿ ಒಂದು ಹಿಡಿ ಕಡಲೆಕಾಯಿ ಇಟ್ಟರು.

"ತಿನ್ಬೇಡಿ," ಎಂದರು. "ಅವ್ಳಿಗೆ ಕೊಡಿ."