ಕೌಲ್ ಬಜಾರಿನ 'ಬಾಣಂತಿ' ಕಾರು

ದೊಡ್ಡಪ್ಪನ ಬಲಗಡೆಯ ಹುಬ್ಬು ಸದಾ ಅರ್ಧ ಸುಟ್ಟಿರುತ್ತಿತ್ತು. ಅದು ಬೆಳೆದು ಸರಿಹೋಗುವಷ್ಟರಲ್ಲಿ ಕಾರಿನ ಹಿಂದಿನ ಡ್ರಮ್ಮಿನಲ್ಲಿ ಬೆಂಕಿ ಹತ್ತಿತೋ ಇಲ್ಲವೋ ಎಂದು ಮತ್ತೆ ಬಗ್ಗಿ ನೋಡುವನು, ಮತ್ತೆ ಸುಟ್ಟುಕೊಳ್ಳುವನು. ಒಂದೂವರೆ ಹುಬ್ಬಿನ ಆ ಮುಖ ಕಂಡವರಿಗೆ ನಗು ಬರುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದು ಕೂಡು ಮನೆ. ಅಪ್ಪನ ಅಣ್ಣನಾದ ಈ ದೊಡ್ಡಪ್ಪ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತ. ಅವನಿಗೆ ಒಬ್ಬಳೇ ಮಗಳು, ನನಗೆ ಅಕ್ಕ. ಅವಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಚೊಚ್ಚಲು ಬಸುರಿ, ಹೆರಿಗೆಗೆ ತವರಿಗೆ ಕರೆತರಬೇಕಿತ್ತು. "ಅಮಾಸಿ ಮುಂದ ಐತಿ, ಕಳೀಲಿ" ಎಂದು ದೊಡ್ಡಪ್ಪ ತಡೆದ. ಅಮಾವಾಸ್ಯೆ ಕಳೆಯುವುದರೊಳಗೆ ಅಕ್ಕನಿಗೆ ನೋವು ಕಾಣಿಸಿಕೊಂಡು, ಸೂಲಗಿತ್ತಿಯ ಕೈಮೀರಿತು. ಎತ್ತಿನ ಬಂಡಿಯಲ್ಲಿ ಮಲಗಿಸಿಕೊಂಡು ಬಳ್ಳಾರಿಯ ಆಸ್ಪತ್ರೆಗೆ ಹೊರಟರು. ಮಳೆ ಬಿದ್ದು ಎರೆಮಣ್ಣು ಗಾಲಿಗೆ ಮೆತ್ತಿಕೊಂಡಿತ್ತು. ಹಾದಿಯಲ್ಲೇ ಅಕ್ಕ ಹೋದಳು, ಹೊಟ್ಟೆಯೊಳಗಿನ ಕೂಸೂ ಹೋಯಿತು.

ಕೆಲವು ತಿಂಗಳು ಕಳೆದ ಮೇಲೆ ದೊಡ್ಡಪ್ಪ ಒಂದು ಕಾರು ತಂದ. ತಂದ ಎನ್ನುವುದಕ್ಕಿಂತ ಎತ್ತು ಕಟ್ಟಿ ಎಳೆಸಿದ ಎನ್ನಬೇಕು. ದಂಡಿನ ದೊರೆಯೊಬ್ಬ ಬಿಟ್ಟುಹೋಗಿದ್ದ ಹಳೆಯ ಗಾಡಿ, ಒಳಗೆ ಕೋಳಿ ಕಾವಿಗೆ ಕೂತಿತ್ತು. "ಗುಮಾಸ್ತಗ ತಲಿ ಕೆಟ್ಟೈತಿ" ಎಂದು ಓಣಿಯವರು ಆಡಿಕೊಂಡರು.

ಮುಂದೆ ಎಷ್ಟೋ ವರ್ಷ ನಮ್ಮ ಹಿತ್ತಲಿನಲ್ಲಿ ಭಾನುವಾರವೆಂದರೆ ಆ ಕಾರು. ಎದುರು ಮನೆಯ ಚಾಚಾ ತಗಡಿನ ಡಬ್ಬಿ, ಬಕೀಟು ಮಾಡುವವರು. ಅವರೂ ದೊಡ್ಡಪ್ಪನೂ ಸೇರಿ ಬಿಚ್ಚುವುದು, ಸೀಮೆಎಣ್ಣೆಯಲ್ಲಿ ತೊಳೆಯುವುದು, ಜೋಡಿಸುವುದು. ಎಲ್ಲ ಮುಗಿಯಿತು ಎನ್ನುವಾಗ ನೆಲದ ಮೇಲೆ ಒಂದು ನಟ್ಟು ಮಿಕ್ಕಿರುತ್ತಿತ್ತು. ಚಾಚಾ ಅದನ್ನು ಎತ್ತಿ ಹಿಡಿದು, "ಗುಮಾಸ್ತ್ರೆ, ಈ ಕೂಸು ಯಾರ ಮನೀದ್ರೀ?" ಎಂದು ಕೇಳುವರು. ಮತ್ತೆ ಮೊದಲಿನಿಂದ ಬಿಚ್ಚುವರು.

ಯುದ್ಧದ ಕಾಲ, ಪೆಟ್ರೋಲಿಗೆ ಬರ. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಡ್ರಮ್ಮು ಕಟ್ಟಿಕೊಂಡು ಅದರ ಗ್ಯಾಸಿನಲ್ಲೇ ಓಡುತ್ತಿದ್ದವು. ಅಂಥದೇ ಒಂದು ಡ್ರಮ್ಮನ್ನು ಚಾಚಾ ಬಡಿದು ಕೊಟ್ಟರು. ದೊಡ್ಡಪ್ಪ ಬಸ್ಸಿನ ಡ್ರೈವರುಗಳ ಬೆನ್ನು ಹತ್ತಿ ಓಡಿಸುವುದನ್ನು ಕಲಿತ. ಹಿಂದಿನ ಸೀಟು ಕಿತ್ತು, ಮಲಗಲು ಹಲಗೆ ಹಾಕಿ, ಜಿನ್ನಿನ ಅರಳೆ ತುಂಬಿ ಹಾಸಿಗೆಯನ್ನು ತಾನೇ ಹೊಲಿದ.

ಹಲಗೆ ಕೂಡಿಸುವ ದಿನ ಚಾಚಾ, "ಇನ್ನೊಂದು ಗೇಣು ಉದ್ದ ಮಾಡೋಣ್ರೀ, ಜಾಗಾ ಐತಲ್ಲ" ಎಂದರು.

"ಬ್ಯಾಡ ಭಾಯಿ. ಇಷ್ಟ ಸಾಕು" ಎಂದ ದೊಡ್ಡಪ್ಪ. ಚಾಚಾ ಹಾಕಿದ ಗೆರೆ ದಾಟದವನು ಅಂದು ಮಾತ್ರ ಹಟ ಹಿಡಿದ.

ಇದ್ದಿಲ ಗಾಡಿಗೆ ಬೆಂಕಿ ಹಾಕಿ, ತಿದಿ ಒತ್ತಿ, ಗ್ಯಾಸು ಹುಟ್ಟುವ ತನಕ ಕಾಯಬೇಕು. ಕಾಯುವುದೆಂದರೆ ದೊಡ್ಡಪ್ಪನಿಗೆ ಆಗುತ್ತಿರಲಿಲ್ಲ. ಅದಕ್ಕೇ ಬಂಧುಗಳಲ್ಲಿ, ಓಣಿಯಲ್ಲಿ ಯಾರಿಗಾದರೂ ದಿನ ತುಂಬಿತೆಂದು ಕೇಳಿದರೆ ಸಾಕು, ಡ್ರಮ್ಮಿನಲ್ಲಿ ಕೆಂಡ ಆರಗೊಡುತ್ತಿರಲಿಲ್ಲ. ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆಯಂತೆ ಅದು ಸದಾ ಉರಿಯುತ್ತಿದ್ದುದರಿಂದ ಓಣಿಯವರು ಕಾರಿಗೆ 'ಬಾಣಂತಿ' ಎಂದೇ ಹೆಸರಿಟ್ಟರು. "ಬಾಣಂತಿ ಹೊಗಿ ಬಿಡಾಕತ್ತಾಳ, ಯಾರ ಮನ್ಯಾಗ ತೊಟ್ಲ ಕಟ್ಟತಾರವ್ವಾ?" ಎಂದು ನೀರಿಗೆ ನಿಂತ ಹೆಂಗಸರು ನಗುತ್ತಿದ್ದರು. ಪುಣ್ಯಕ್ಕೆ ಎಲ್ಲರಿಗೂ ಮನೆಯಲ್ಲೇ ಸುಸೂತ್ರವಾಗಿ ಹೆರಿಗೆಯಾಗಿ, ಬಾಣಂತಿ ನಿಂತಲ್ಲೇ ನಿಲ್ಲುತ್ತಿತ್ತು.

ದೊಡ್ಡವ್ವ ಮಾತ್ರ ಆ ಕಾರನ್ನು ಮುಟ್ಟಲಿಲ್ಲ. "ಅವತ್ತು ಕರ್ಕೊಂಡು ಬರ್ರಿ ಅಂದ್ರ ಅಮಾಸಿ ಅಂದ್ರು. ಈಗ ಅಮಾಸಿ ದಿನಾನೂ ಕೆಂಡಾ ಊದಕೋಂತ ಕುಂದರತಾರ" ಎಂದು ಒಮ್ಮೆ ನನ್ನೆದುರು ಅಂದಳು. ಹಿತ್ತಲಲ್ಲಿದ್ದ ದೊಡ್ಡಪ್ಪನಿಗೂ ಅದು ಕೇಳಿಸಿತು. ಡ್ರಮ್ಮಿಗೆ ಇನ್ನೊಂದು ಬೊಗಸೆ ಇದ್ದಿಲು ಸುರಿದು ತಿದಿ ಒತ್ತಿದ.

ನನ್ನನ್ನು ಕುರುಗೋಡಿಗೆ ಕೊಟ್ಟರು. ಮೊದಲ ಹೆರಿಗೆ ತವರಿನಲ್ಲೇ ಆಯಿತು. ಎರಡನೆಯ ಸಲ ಅತ್ತೆ ಹಾಸಿಗೆ ಹಿಡಿದಿದ್ದರಿಂದ ಅವರನ್ನು ಬಿಟ್ಟು ಬರಲಾಗಲಿಲ್ಲ. ಒಂದು ನಸುಕಿನಲ್ಲಿ ನೋವು ಶುರುವಾಯಿತು. ಕೂಸು ಅಡ್ಡ ತಿರುಗಿದೆ ಎಂದು ಸೂಲಗಿತ್ತಿ ಕೈಚೆಲ್ಲಿದಳು. ಬಸ್ಸು ಬರುವುದು ಸಂಜೆಗೆ. ಮೈದುನ ಸೈಕಲ್ ಹತ್ತಿ ಬಳ್ಳಾರಿಗೆ ಹೋದ. ಅಂದು ಅಮಾವಾಸ್ಯೆ ಎಂದು ಯಾರೋ ಗೊಣಗಿದ್ದು ಕೇಳಿಸಿತು. ಹೊತ್ತು ನೆತ್ತಿಗೇರುವ ಮೊದಲೇ ಬಾಣಂತಿ ಹೊಗೆ ಕಾರುತ್ತಾ ನಮ್ಮ ಬಾಗಿಲಿಗೆ ಬಂದು ನಿಂತಿತು.

"ಹೆದರಬ್ಯಾಡವ್ವಾ, ನಾ ಅದೀನಿ" ಎಂದ ದೊಡ್ಡಪ್ಪ. ಹಿಂದಿನ ಬಾಗಿಲು ತೆಗೆದ.

ನನ್ನನ್ನು ಆ ಹಾಸಿಗೆಯ ಮೇಲೆ ಮಲಗಿಸಿದರು. ಕಾಲು ಚಾಚಲು ಆಗಲಿಲ್ಲ, ಮೊಣಕಾಲು ಮಡಚಬೇಕಾಯಿತು. ನಮ್ಮ ಮನೆಯ ಹೆಂಗಸರೆಲ್ಲ ಎತ್ತರ. ಗಿಡ್ಡಗಿದ್ದವಳು ಅಕ್ಕ ಒಬ್ಬಳೇ. ಆ ನೋವಿನ ನಡುವೆಯೂ ನನಗೆ ಅರ್ಥವಾಗಿಬಿಟ್ಟಿತು, ಈ ಹಾಸಿಗೆ ಅವಳ ಅಳತೆಗೆ ಹೊಲಿದದ್ದು. ಇಷ್ಟು ವರ್ಷ ಅವನು ರಿಪೇರಿ ಮಾಡುತ್ತಿದ್ದುದು ಅವಳನ್ನು ಕರೆತರುವ ಗಾಡಿಯನ್ನು.

ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು, ನಾನೂ ಉಳಿದೆ. ಮರುದಿನ ದೊಡ್ಡಪ್ಪ ದೊಡ್ಡವ್ವ ಇಬ್ಬರೂ ನೋಡಲು ಬಂದರು. ದೊಡ್ಡಪ್ಪ ಹಿಗ್ಗುತ್ತಾನೆ ಎಂದುಕೊಂಡಿದ್ದೆ. ಅವನು ಕೂಸಿನ ಅಂಗಾಲು ಮುಟ್ಟಿ, ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ.

"ಇಷ್ಟ ಹೊತ್ತಿನ ಹಾದಿ ಇತ್ತಲ್ಲವ್ವಾ... ಇಷ್ಟ! ಸಿರುಗುಪ್ಪ ಇನ್ನೊಂದೀಟು ದೂರ, ಅಷ್ಟ. ಬರಬೋದಿತ್ತು ಅಕಿ."

"ಸಾಕು ಬಿಡ್ರಿ" ಎಂದಳು ದೊಡ್ಡವ್ವ. ಅವನ ಬೆನ್ನ ಮೇಲೆ ಕೈಯಿಟ್ಟು ಹಾಗೇ ನಿಂತಳು.

ಅಂದು ಮನೆಗೆ ಹೋದವನು ಕೆಂಡಕ್ಕೆ ನೀರು ಹಾಕಿದ. ಮತ್ತೆ ಹಚ್ಚಲಿಲ್ಲ. ಭಾನುವಾರಗಳಲ್ಲಿ ಸುಮ್ಮನೆ ಕಟ್ಟೆಯ ಮೇಲೆ ಕೂರುತ್ತಿದ್ದ. ಹುಬ್ಬು ಪೂರ್ತಿ ಬೆಳೆಯಿತು. ಎರಡೂ ಹುಬ್ಬಿದ್ದ ದೊಡ್ಡಪ್ಪನನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ನನ್ನ ಮಗಳು ನಡೆಯಲು ಕಲಿತ ವರ್ಷ ಅವನು ತೀರಿಕೊಂಡ. ನಾನು ಬಸ್ಸಿನಲ್ಲಿ ಬಂದಾಗ ಚಾಚಾ ಒಬ್ಬರೇ ಹಿತ್ತಲಿನಲ್ಲಿ ಕಾರಿಗೆ ಒರಗಿ ನಿಂತಿದ್ದರು. "ಕೆಂಡಾ ಆರಿಸಬಾರದಿತ್ತು ಬೇಟಿ. ಅದರ ಮ್ಯಾಲ ಜೀವಾ ಹಿಡಕೊಂಡಿದ್ರು ಅವ್ರು" ಎಂದು ಕಣ್ಣೊರೆಸಿಕೊಂಡರು. ಅಕ್ಕನ ಜಾಗದಲ್ಲಿ ಮಲಗಿ ಬದುಕಿದವಳು ನಾನು.

ಮನೆ ತುಂಬ ಜನ. ಅತ್ತು ಅತ್ತು ತೂಕಡಿಸುತ್ತಿದ್ದ ಮಗಳನ್ನು ಮಲಗಿಸಲು ಎಲ್ಲೂ ಎಡೆಯಿರಲಿಲ್ಲ. ಚಾಚಾ ಕಾರಿನ ಬಾಗಿಲು ತೆಗೆದು, ಹಾಸಿಗೆಯ ದೂಳು ಕೊಡವಿದರು. ಅವಳನ್ನು ಅಲ್ಲಿ ಮಲಗಿಸಿದೆ. ಕೈಕಾಲು ಚೆಲ್ಲಿ ನಿದ್ದೆಹೋದಳು. ಅವಳ ಕಾಲ ಕೆಳಗೆ ಇನ್ನೂ ಬೇಕಾದಷ್ಟು ಜಾಗ ಮಿಕ್ಕಿತ್ತು.