ಗೋಡೆಯಾಚೆಯ ಬೇಡಿಕೆ

ಲೋಕಕ್ಕೆಲ್ಲ ಬಡಿದ ಜ್ವರ ನಮ್ಮ ಕಟ್ಟಡದಲ್ಲಿ ಉಳಿಸಿದ್ದು ನಾಲ್ವರನ್ನು: ನೀರಿನ ಪಂಪು ನಡೆಸುವ ನಾನು, ಗೇಟಿನ ತಾತ, ಪಕ್ಕದ ಕೋಣೆಯ ಅಕ್ಕ-ತಮ್ಮ. ಹನ್ನೆರಡರ ಅಕ್ಕ ಹಳೇ ಪರದೆಗಳಲ್ಲಿ ಚೀಲ ಹೊಲಿದು ಮಾರಿ ತಮ್ಮನನ್ನು ಸಾಕುತ್ತಿದ್ದಳು. ದಿನಾ ಬೆಳಿಗ್ಗೆ ಇಬ್ಬರೂ ಒಬ್ಬೊಬ್ಬರ ಹೆಸರು ಹಿಡಿದು ದೇವರನ್ನು ಬೇಡುತ್ತಿದ್ದರು. ದೇವರನ್ನೇ ನಂಬದ ನಾನು ಗೋಡೆಗೆ ಕಿವಿ ಹಚ್ಚಿರುತ್ತಿದ್ದೆ. ತಾತನ ಹೆಸರಿತ್ತು, ಬೆಕ್ಕಿನದೂ ಇತ್ತು; ನನ್ನದಿಲ್ಲ. ಹೊಟ್ಟೆ ಉರಿಯಿತು.

ನೀರು ಕೊಡುವಾಗ ಕೇಳಿಯೇಬಿಟ್ಟೆ: "ನನ್ನನ್ಯಾಕಮ್ಮ ಬಿಟ್ರಿ?"

ಅಕ್ಕ ನಕ್ಕಳು. "ಅಯ್ಯೋ ಅಣ್ಣ, ನಿಮ್ಮ ಆಕಳಿಕೆ ಗೋಡೆ ದಾಟಿ ಬರುತ್ತಲ್ಲ! ಚೆನ್ನಾಗಿದ್ದೀರಿ ಅಂತ ಗೊತ್ತಾಗುತ್ತೆ. ಸದ್ದೇ ಇಲ್ಲದವರಿಗೆ ಮಾತ್ರ ಬೇಡ್ಕೊಳ್ಳೋದು."

ಮರುದಿನ ಬಾಯಿಗೆ ದಿಂಬು ಒತ್ತಿಕೊಂಡು ಕೂತೆ.

"ದೇವರೇ, ಪಂಪಿನಣ್ಣ ಇನ್ನೂ ಎದ್ದಿಲ್ಲ, ನೋಡ್ಕೋ," ಎಂದ ತಮ್ಮ.

ಬೆಕ್ಕಿನ ಹೆಸರಾದ ಮೇಲೆಯೇ ನನ್ನದು ಬಂತು. ಆದರೂ ಬಂತು.